ಅವರೆಕಾಯಿಗೊಂದು ಬಂದೂಕು

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಬೇರೆಯವರಿಗೆ ಅಮ್ಮನ ಅಡುಗೆಮನೆ ನೆನಪಾಗುತ್ತದಂತೆ. ನನಗೆ ಬಂದೂಕು ನೆನಪಾಗುತ್ತದೆ. ನಗಬೇಡಿ. ಇವತ್ತು ಬೆಳಿಗ್ಗೆ ಇಲ್ಲಿ ಆಕ್ಲೆಂಡಿನ ಏವನ್‌ಡೇಲ್‌ನ ಭಾನುವಾರದ ಸಂತೆಯಲ್ಲಿ ಫಿಜಿಯ ಅಜ್ಜಿಯೊಬ್ಬರ ಮುಂದೆ ನೀಲಿ ಕ್ರೇಟಿನ ತುಂಬ ಅವರೆಕಾಯಿ ಇತ್ತು. ಬಗ್ಗಿ ಒಂದು ಹಿಡಿ ಎತ್ತಿ ಮೂಸಿದೆ. ಬೆರಳಿಗೆ ಅಂಟಂಟು, ಮೂಗಿಗೆ ಆ ಎಣ್ಣೆಯ ಘಮ. ಅಪ್ಪಟ ಸೊಗಡವರೆ. ಅಜ್ಜಿ ನನ್ನನ್ನು ನೋಡಿ, ಇವಳು ಕೊಳ್ಳುವ ಗಿರಾಕಿಯೋ ಮೂಸುವ ಗಿರಾಕಿಯೋ ಎಂದು ಅಂದಾಜು ಹಾಕುತ್ತಿದ್ದರು.

ನಾನು ಹೋಗಿದ್ದು ನನ್ನ ಅಡುಗೆಗಲ್ಲ. ನಿನ್ನೆ ಸಂಜೆ ಇನಾಯತ್ ಅಂಕಲ್ ಫೋನ್ ಮಾಡಿದ್ದರು. ದನಿ ತಗ್ಗಿತ್ತು, ಹಿನ್ನೆಲೆಯಲ್ಲಿ ನಲ್ಲಿ ನೀರಿನ ಸದ್ದು. ಬಚ್ಚಲುಮನೆಯಲ್ಲಿ ನಿಂತು ಮಾತಾಡುತ್ತಿದ್ದಾರೆ ಎಂದು ಗೊತ್ತಾಯಿತು.

"ಏವನ್‌ಡೇಲ್ ಮಾರ್ಕೆಟ್‌ಗೆ ಅವರೆಕಾಯಿ ಬರುತ್ತಂತಲ್ಲಮ್ಮ, ನಿಜಾನಾ?"

"ಬರುತ್ತೆ ಅಂತಾರೆ ಅಂಕಲ್. ನಾನು ನೋಡಿಲ್ಲ."

"ನಾಳೆ ಊಟಕ್ಕೆ ಬರ್ತೀಯಲ್ಲ, ಹಂಗೇ ಎರಡು ಕೆಜಿ ತಗೊಂಡ್ಬಾ. ಆಂಟಿಗೆ ಮಾತ್ರ ಹೇಳ್ಬೇಡ. ನಾನೇ ಟೈಮ್ ನೋಡಿ ಅವಳ ಮುಂದೆ ಇಡ್ತೀನಿ."

ಮನೆಯ ಹಿಂದೆಯೇ ನಾಲ್ಕು ಸಾಲು ಅವರೆ ಕಾಯಿ ಬಿಟ್ಟು ನಿಂತಿರುವಾಗ, ಹೆಂಡತಿಗೆ ಗೊತ್ತಾಗದ ಹಾಗೆ ಸಂತೆಯಿಂದ ಅವರೆಕಾಯಿ ತರಿಸುವ ಗಂಡಸನ್ನು ನೀವು ಕಂಡಿರಲಿಕ್ಕಿಲ್ಲ. ಕಾರಣ ನನಗೆ ಗೊತ್ತಿತ್ತು. ಅಂಕಲ್‌ಗೆ ಈಗ ಊರಾಚೆಯ ಆ ನಾಲ್ಕು ಎಕರೆ ಮಾರಿ ಪೇಟೆಯೊಳಗಿನ ನ್ಯೂ ಲಿನ್‌ಗೆ ವಾಪಸ್ ಬರಬೇಕು, ಆಂಟಿಗೆ ಸುತರಾಂ ಬೇಡ. ಅಲ್ಲಿಯ ರೈಲ್ವೆ ಸ್ಟೇಷನ್‌ನಿಂದ ಹತ್ತು ನಿಮಿಷದ ದೂರದಲ್ಲೇ ಅವರೆಕಾಯಿ ಸಿಗುವಾಗ ಮಣ್ಣು ಯಾಕೆ ಅಗೆಯಬೇಕು ಎಂದು ಪುರಾವೆ ಸಮೇತ ಕೇಳುವುದು ಅವರ ಉಪಾಯ. ಐದು ವರ್ಷದ ಹಿಂದೆ ಇದೆಲ್ಲ ತಿರುಗಾಮುರುಗಾ ಇತ್ತು. ಪೇಟೆಗೆ ಹೋಗೋಣ ಎನ್ನುತ್ತಿದ್ದವರು ಆಂಟಿ, ಬೇಡ ಎನ್ನುತ್ತಿದ್ದವರು ಅಂಕಲ್. ನಡುವೆ ಬಂದದ್ದು ಒಂದು ಬಂದೂಕು. ಸರಿಯಾಗಿ ಹೇಳುವುದಾದರೆ, ಬೇಕಾದಾಗ ಬಾರದೇ ಹೋದ ಬಂದೂಕು.

ಇನಾಯತ್ ಅಂಕಲ್ ಅರಿವಳಿಕೆ ಡಾಕ್ಟರು. ನಾನು ಆಪರೇಷನ್ ಥಿಯೇಟರಿನ ನರ್ಸ್. ಹನ್ನೊಂದು ವರ್ಷ ಒಂದೇ ಆಸ್ಪತ್ರೆಯಲ್ಲಿ ದುಡಿದೆವು. ಒಳಗೆ ಅವರು ಡಾಕ್ಟರ್, ಕಾರ್ ಪಾರ್ಕಿಗೆ ಬಂದ ತಕ್ಷಣ ಅಂಕಲ್. ಅವರದು ಚಿಂತಾಮಣಿ ಕಡೆ, ಅವರ ಹೆಂಡತಿ ಶಮೀಮ್ ಆಂಟಿಯದು ಹುಣಸೂರು, ನನ್ನದು ಮಂಡ್ಯ. ಮೂವರೂ ಅವರೆ ಸೀಮೆಯವರೇ ಆದ್ದರಿಂದ ಮಾತು ಎಲ್ಲಿ ಶುರುವಾದರೂ ಹಿತಕಿದ ಬೇಳೆಗೆ ಬಂದು ನಿಲ್ಲುತ್ತಿತ್ತು. ಆಂಟಿ ಮೂವತ್ತು ವರ್ಷ ಲ್ಯಾಬ್ ಟೆಕ್ನಿಶಿಯನ್ ಆಗಿದ್ದವರು. ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕಕ್ಕೆ ಇನ್ನೊಂದು ಕಣ್ಣಿಟ್ಟು ಕೂತರೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ಅಲುಗಾಡುವ ಹೆಂಗಸಲ್ಲ. ಗಂಡ ಹೆಂಡತಿ ಜಗಳ ಆರಂಭಿಸುವುದು ಉರ್ದುವಿನಲ್ಲಿ, ನಾನು ಅಲ್ಲಿದ್ದರೆ ಅರ್ಧಕ್ಕೆ ಕನ್ನಡಕ್ಕೆ ತಿರುಗುತ್ತಿದ್ದರು. ಸಾಕ್ಷಿಗೆ ಅರ್ಥವಾಗಬೇಕಲ್ಲ.

ಅಂಕಲ್ ನಿವೃತ್ತರಾಗಿ ಆರು ತಿಂಗಳಾಗಿರಲಿಲ್ಲ, ಆಲ್ಬನಿ ದಾಟಿ ಉತ್ತರಕ್ಕೆ ಇಪ್ಪತ್ತು ನಿಮಿಷದ ದಾರಿಯಲ್ಲಿ ಇಳಿಜಾರಿನ ನಾಲ್ಕು ಎಕರೆ, ಅದರ ಮೇಲೊಂದು ಮರದ ಮನೆ ಕೊಂಡುಬಿಟ್ಟರು. ಆಂಟಿ ಮೂರು ದಿನ ಮಾತು ಬಿಟ್ಟರು. ನ್ಯೂ ಲಿನ್‌ನಲ್ಲಿ ಮಸೀದಿ, ರೈಲು, ಮಟನ್ ಅಂಗಡಿ ಎಲ್ಲ ಕಾಲಿಗೆ ಎಟುಕುವಂತಿದ್ದವು. ಇಲ್ಲಿ ಹಾಲಿನ ಡೇರಿಗೂ ಕಾರು ತೆಗೆಯಬೇಕು. ನಾಲ್ಕನೆಯ ದಿನ ನನ್ನನ್ನು ಕರೆಸಿ, ನನ್ನೆದುರಿಗೇ ಷರತ್ತು ಹಾಕಿದರು.

"ಕೇಳಿಸ್ಕೊಳ್ಳಿ ಡಾಕ್ಟ್ರೇ. ಅವರೆಕಾಯಿ ಬೆಳೀತೀನಿ ಅಂತ ತಾನೆ ಈ ಕಾಡಿಗೆ ಕರ್ಕೊಂಡ್ಬಂದಿರೋದು? ಎರಡು ವರ್ಷ ಟೈಮ್ ಕೊಡ್ತೀನಿ. ಒಂದೇ ಒಂದು ಫಸಲು ಬೆಳೆದು ನನ್ನ ಮಡಿಲಿಗೆ ಹಾಕಿ. ಆಗಲಿಲ್ವಾ, ಮನೆ ಮಾರಿ ನ್ಯೂ ಲಿನ್. ಇವಳೇ ಸಾಕ್ಷಿ."

ಅಂಕಲ್ ನಕ್ಕು ಒಪ್ಪಿದರು. ನಿದ್ದೆ ಬರಿಸಿ ಮತ್ತೆ ಎಬ್ಬಿಸುವುದೇ ಕಸುಬಾಗಿದ್ದವರಿಗೆ ಅವರೆ ಗಿಡ ಯಾವ ಲೆಕ್ಕ?

ಭೂಮಿಯ ಈ ದಕ್ಷಿಣ ತುದಿಯಲ್ಲಿ ಕಾಲಗಳೆಲ್ಲ ತಲೆಕೆಳಗು ಎನ್ನುವುದು ನಿಮಗೆ ತಿಳಿದೇ ಇದೆ. ಸಂಕ್ರಾಂತಿಗೆ ಬೆವರು ಸುರಿಯುತ್ತದೆ, ಎಳ್ಳುಬೆಲ್ಲ ಅಂಗೈಯಲ್ಲೇ ಕರಗುತ್ತದೆ. ಅವರೆಯನ್ನು ನವೆಂಬರಿನಲ್ಲಿ ಬಿತ್ತಿ, ಹಗಲು ಕುಗ್ಗಿ ಮಂಜು ಬೀಳುವ ಏಪ್ರಿಲ್ ಮೇ ತನಕ ಕಾಯಬೇಕು. ಮೊದಲ ವರ್ಷ ಅಂಕಲ್ ನಾಲ್ಕು ಸಾಲು ಬಿತ್ತಿದರು. ಒಂದು ಗೇಣು ಬೆಳೆದವು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೂರೇ ಸಾಲು. ವಾರ ಕಳೆಯುವಷ್ಟರಲ್ಲಿ ಸಾಲೇ ಇಲ್ಲ. ಮೊಲಗಳು ಮೆಂತ್ಯ, ಕೊತ್ತಂಬರಿಯನ್ನು ಚಟ್ನಿಯ ಹಾಗೆ ನೆಂಚಿಕೊಂಡು ಅವರೆಯನ್ನು ಊಟ ಮಾಡಿದ್ದವು.

ಊರಿನಲ್ಲಿ ಮೊಲ ಎಂದರೆ ಮಕ್ಕಳ ಕಥೆಯ ಮುದ್ದು ಪ್ರಾಣಿ. ಇಲ್ಲಿಯ ರೈತನ ಮುಂದೆ ಮುದ್ದು ಎಂದು ನೋಡಿ, ಆಮೇಲೆ ನಿಮಗೆ ಚಹಾ ಸಿಗುವುದಿಲ್ಲ. ಅಂಕಲ್ ಜಾಲರಿ ಬೇಲಿ ಹಾಕಿಸಿದರು, ಮೊಲಗಳು ಅಡಿಯಿಂದ ತೋಡಿಕೊಂಡು ಬಂದವು. ವಿಷ ಇಡೋಣ ಎಂದರೆ ಪಕ್ಕದ ಜಮೀನಿನ ಕಾಲಿನ್ ಎಂಬ ಮುದುಕನ ನಾಯಿ ದಿನಕ್ಕೆರಡು ಸಲ ಬಂದು ಆಂಟಿಯ ಕೈಯಿಂದ ರೊಟ್ಟಿ ತಿನ್ನುತ್ತಿತ್ತು, ಆಂಟಿ ಬಿಲ್‌ಕುಲ್ ಬೇಡ ಎಂದರು. ಕೊನೆಗೆ ಕಾಲಿನ್ ಬೇಲಿಗೆ ಮೊಣಕೈ ಊರಿ, ಇಲ್ಲಿಯವರು ಹವಾಮಾನದ ಬಗ್ಗೆ ಮಾತಾಡುವ ದನಿಯಲ್ಲಿ, "ಒಂದು ಟ್ವೆಂಟಿ ಟೂ ತಗೊಳ್ಳಿ ಡಾಕ್ಟರ್" ಎಂದ.

ಅಲ್ಲಿಂದ ಶುರುವಾಯಿತು ನೋಡಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಮೊಲ ಹಿಡಿಯುವ ಮುಂಚೆಯೇ ಹಾಗೆನ್ನುತ್ತಿದ್ದವರು ನಮ್ಮ ಅಂಕಲ್ ಒಬ್ಬರೇ. ಟ್ವೆಂಟಿ ಟೂ ಇಲ್ಲಿ ಮನೆಗೊಂದು ಪೊರಕೆ ಇರುವ ಹಾಗೆ ಇರುವ ಬಂದೂಕು. ಗುಂಡು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅಂಕಲ್ ಎರಡು ತಿಂಗಳು ಕನ್ನಡಕ ಒರೆಸಿ ಒರೆಸಿ ಓದಿ, ಅದು ಸರಿಯಿಲ್ಲ ಎಂದು ತೀರ್ಮಾನಿಸಿದರು.

"ನೋಡಮ್ಮ, ಟ್ವೆಂಟಿ ಟೂ ಸೀಸದ ಗುಂಡು ನಿಧಾನ, ಭಾರ. ಕಲ್ಲಿಗೆ ತಾಗಿದ್ರೆ ಜಾರಿ ಎಲ್ಲಿಗೋ ಹೋಗುತ್ತೆ. ಅಕ್ಕಪಕ್ಕ ಮನೆ ಇದಾವೆ. ಇನ್ನು ದೊಡ್ಡ ಬಂದೂಕು ಹಿಡಿದ್ರೆ ಮೊಲಾನೇ ಇರಲ್ಲ. ಒಂದೂವರೆ ಕೆಜಿ ಪ್ರಾಣಿ. ತೂಕ ನೋಡಿ ಡೋಸ್ ಕೊಡ್ಬೇಕು. ಜಾಸ್ತಿ ಕೊಡೋದು ಸೋಮಾರಿಗಳ ಕೆಲಸ."

ಥಿಯೇಟರಿನಲ್ಲಿ ಈ ಮಾತನ್ನು ನಾನು ಸಾವಿರ ಸಲ ಕೇಳಿದ್ದೆ. ಡೋಸ್ ನೋಡಿ ನೋಡಿ ಅವರು ಆರಿಸಿದ್ದು ಸೆವೆಂಟೀನ್ ಮ್ಯಾಕ್ ಟೂ ಎಂಬ ಹೆಸರಿನ ಗುಂಡು. ಬುಡದ ಅಂಚಿಗೆ ಕುಟ್ಟಿದರೆ ಸಿಡಿಯುವ ಸಣ್ಣ ಜಾತಿಯದು, ಟ್ವೆಂಟಿ ಟೂವಿಗೆ ಚಿಕ್ಕಪ್ಪನ ಮಗ. ಹಿತ್ತಾಳೆಯ ಕವಚ, ತುದಿಯಲ್ಲಿ ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡ ಮೂಗು. ಹಗುರ, ಚುರುಕು, ನೆಲಕ್ಕೆ ತಾಗಿದರೆ ಪುಡಿಯಾಗುತ್ತದೆ. ಗುಣದಲ್ಲಿ ಎತ್ತಿ ಆಡುವಂತಿಲ್ಲ. ಒಂದೇ ಒಂದು ಕೊರತೆ, ಅದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಯಾರೂ ಅದಕ್ಕೆ ಬಂದೂಕು ಮಾಡುವುದಿಲ್ಲ. ಇದು ಅಂಕಲ್ ಓದಿದ ಯಾವ ಪುಟದಲ್ಲೂ ದಪ್ಪ ಅಕ್ಷರದಲ್ಲಿ ಇರಲಿಲ್ಲವಂತೆ.

ಮೊದಲು ಲೈಸೆನ್ಸ್ ಆಗಬೇಕಿತ್ತು. ಪರೀಕ್ಷೆ, ತರಬೇತಿ, ಆಮೇಲೆ ಮನೆಗೆ ಅಧಿಕಾರಿ ಬಂದು ಸಂದರ್ಶನ. ಹೆಂಡತಿಯನ್ನೂ ಕೇಳುತ್ತಾರೆ, ಗುರುತಿನವರನ್ನೂ ಕೇಳುತ್ತಾರೆ. ಗುರುತಿನವಳಾಗಿ ನನ್ನ ಹೆಸರು ಕೊಟ್ಟಿದ್ದರು. ಬಂದವರು ನನಗಿಂತ ಎರಡರಷ್ಟು ಎತ್ತರದ, ಬಹಳ ಮೃದುವಾದ ಹೆಂಗಸು. ನನ್ನನ್ನು ಕೇಳಿದರು, "ಈ ಮನುಷ್ಯನ ಕೈಗೆ ಬಂದೂಕು ಕೊಡಲು ನಿಮಗೆ ಭಯವಿಲ್ಲವೇ?"

ನಾನು ಧೈರ್ಯವಾಗಿ, "ಹನ್ನೊಂದು ವರ್ಷ ಅದಕ್ಕಿಂತ ಅಪಾಯದ್ದನ್ನೇ ಇವರ ಕೈಗೆ ಕೊಟ್ಟಿದ್ದೀನಿ" ಎಂದೆ. ಆಕೆ ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆಯೆತ್ತಿದರು. ಅರಿವಳಿಕೆ ಸಿರಿಂಜು, ಆಪರೇಷನ್ ಥಿಯೇಟರ್, ಆಸ್ಪತ್ರೆ ಎಂದು ಬೆವರು ಒರೆಸಿಕೊಂಡು ವಿವರಿಸಲು ನನಗೆ ಹತ್ತು ನಿಮಿಷ ಹಿಡಿಯಿತು. ಆಮೇಲೆ ಆಂಟಿಯ ಸರದಿ. ಇವರಿಗೆ ಕೋಪ ಬಂದರೆ ಏನು ಮಾಡುತ್ತಾರೆ ಎಂದರೆ ಆಂಟಿ ಒಂದು ಕ್ಷಣ ಯೋಚಿಸಿ, "ಪಾತ್ರೆ ತೊಳೀತಾರೆ" ಎಂದರು. ಅದು ನಿಜವೇ. ಅಂಕಲ್‌ಗೆ ಸಿಟ್ಟು ಬಂದಾಗೆಲ್ಲ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವುದನ್ನು ನಾನೂ ನೋಡಿದ್ದೇನೆ.

ಸೆಪ್ಟೆಂಬರಿಗೆ ಲೈಸೆನ್ಸ್ ಬಂತು. ಇಲ್ಲಿಂದ ಮುಂದಿನದು ನನ್ನ ತಪ್ಪು, ಒಪ್ಪಿಕೊಂಡುಬಿಡುತ್ತೇನೆ.

ನೀವು ಹೊರದೇಶದಲ್ಲಿದ್ದರೆ ಈ ಚಾಳಿ ನಿಮಗೂ ಇರುತ್ತದೆ. ಅಂಗಡಿಗೆ ಬ್ಯಾಡಗಿ ಮೆಣಸಿನಕಾಯಿ ಬಂದಿದೆ ಎಂದು ವಾಟ್ಸಾಪಿನಲ್ಲಿ ಒಂದು ಸಾಲು ಬಿದ್ದರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಓಡುತ್ತೇವೆ. ಒಂದು ಪ್ಯಾಕೆಟ್ ಬೇಕಿದ್ದವಳು ಎಂಟು ತರುತ್ತೇನೆ, ಏಕೆಂದರೆ ಮತ್ತೆ ಬರುತ್ತದೋ ಇಲ್ಲವೋ. ಚಿರೋಟಿ ರವೆಯೂ ಹಾಗೆಯೇ, ಹುರುಳಿಕಾಳೂ ಹಾಗೆಯೇ. ನನ್ನ ಮನೆಯಲ್ಲಿ ಎರಡು ವರ್ಷದ ಹಿಂದಿನ ಅವಲಕ್ಕಿ ಇದೆ, ಒಳಗಿರುವ ಹುಳಗಳಿಗೆ ಮೊಮ್ಮಕ್ಕಳಾಗಿವೆ. ಸಿಕ್ಕಾಗ ತೆಗೆದುಕೊಂಡುಬಿಡಬೇಕು ಎನ್ನುವುದು ನಮ್ಮ ಧರ್ಮವೇ ಆಗಿಹೋಗಿದೆ.

ಅಂಕಲ್ ಬಂದೂಕಿನ ಅಂಗಡಿಗೆ ಜೊತೆಗಿರಲಿ ಎಂದು ನನ್ನನ್ನೂ ಕರೆದೊಯ್ದರು. ಗಡ್ಡದ ಅಂಗಡಿಯವನು ಕೆಳಗಿನ ಖಾನೆಯಿಂದ ಧೂಳು ಹಿಡಿದ ಹತ್ತು ಡಬ್ಬಿ ತೆಗೆದಿಟ್ಟ. ಡಬ್ಬಿಗೆ ಐವತ್ತು ಗುಂಡು. ಅವನು ಬಹಳ ಪ್ರಾಮಾಣಿಕ. "ಇದನ್ನು ಖಾಲಿ ಮಾಡ್ತಿದ್ದೀವಿ. ಇದರ ಬಂದೂಕು ಯಾರ ಹತ್ತಿರವೂ ಇಲ್ಲ" ಎಂದು ಬಾಯಿಬಿಟ್ಟು ಹೇಳಿದ. ನಾವಿಬ್ಬರೂ ಕೇಳಿಸಿಕೊಂಡೆವು. ಕೇಳಿಸಿಕೊಂಡು ನಮಗೆ ಹೊಳೆದದ್ದು ಇಷ್ಟೇ, ಪೈಪೋಟಿ ಇಲ್ಲ.

"ಅಂಕಲ್, ಎಲ್ಲಾ ತಗೊಂಡ್ಬಿಡಿ. ಮತ್ತೆ ಬರಲ್ಲ" ಎಂದೆ.

"ಬಂದೂಕು?" ಎಂದರು ಅಂಕಲ್, ಸ್ವಲ್ಪ ಅಳುಕಿನಿಂದಲೇ.

"ಗುಂಡೇ ಸಿಕ್ಕಿದ ಮೇಲೆ ಬಂದೂಕು ಸಿಗದೇ ಇರುತ್ತಾ?"

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ವಿಸ್ತರಿಸಿ ಬರೆದು ಬಹುಮಾನ ಪಡೆದವಳು. ಉಪಯೋಗಕ್ಕೆ ಬರಲಿಲ್ಲ. ಐನೂರು ಗುಂಡು ಹೊತ್ತುಕೊಂಡು, ಕಡಲೆಪುರಿ ಕೊಂಡವರ ಹಾಗೆ ಸಂತೋಷವಾಗಿ ಮನೆಗೆ ಬಂದೆವು.

ಆಮೇಲೆ ಬಂದೂಕಿನ ಹುಡುಕಾಟ. ಆಕ್ಲೆಂಡಿನ ಅಂಗಡಿಗಳೆಲ್ಲ ಮುಗಿದವು. ಟ್ವೆಂಟಿ ಟೂ ಬೇಕೇ, ಗೋಡೆಯ ತುಂಬ ಇದೆ. ಸೆವೆಂಟೀನ್‌ನಲ್ಲೇ ಉದ್ದನೆಯ ಗುಂಡಿನದು ಬೇಕೇ, ನಾಲ್ಕಿವೆ. ಇದೊಂದು ಮಾತ್ರ ಇಲ್ಲ. ಕಂಪನಿಯವರು ಯಾವಾಗಲೋ ಮನಸ್ಸು ಬಂದರೆ ಒಂದಷ್ಟು ಮಾಡುತ್ತಾರಂತೆ, ಅದರಲ್ಲಿ ಈ ದೇಶಕ್ಕೆ ಬರುವುದು ಬೆರಳೆಣಿಕೆಯಂತೆ, ಬಂದವು ಹಡಗಿನಿಂದ ಇಳಿಯುವ ಮೊದಲೇ ಹೋಗಿರುತ್ತವಂತೆ. ಹಳೆಯದು ಹುಡುಕೋಣ ಎಂದರೆ ಒಂದು ಸಿಕ್ಕಿತು, ಎಡಗೈಯವರದ್ದು. ಇನ್ನೊಂದು ಸಿಕ್ಕಿತು, ಫೋನ್ ಮಾಡುವ ಅರ್ಧ ಗಂಟೆ ಮುಂಚೆ ಮಾರಾಟವಾಗಿತ್ತು. ಹೆಣ್ಣು ಮಗಳಿಗೆ ಗಂಡು ಹುಡುಕುವ ತಂದೆಯ ಮುಖ ಬಂತು ಅಂಕಲ್‌ಗೆ. ಎಲ್ಲಿ ಹೋದರೂ ಜಾತಕ ಕೂಡುತ್ತಿರಲಿಲ್ಲ.

ದಕ್ಷಿಣ ದ್ವೀಪದ ಓಮರು ಎಂಬ ಊರಿನಲ್ಲಿ ಒಬ್ಬನ ಬಳಿ ಇದೆಯೆಂದು ತಿಳಿಯಿತು. ಅಂಕಲ್ ಫೋನ್ ಮಾಡಿದರು. ಒಂದು ಗಂಟೆ ಮಾತಾಡಿದರು. ಹೆಂಡತಿ ಬಿಟ್ಟು ಹೋದಳು, ನಾಯಿ ಸತ್ತಿತು, ಈ ಬಂದೂಕೊಂದು ಉಳಿದಿದೆ, ಇದನ್ನು ಹೇಗೆ ಕೊಡಲಿ ಎಂದನಂತೆ ಅವನು. ಬೇಡಪ್ಪ, ಇಟ್ಟುಕೋ ಎಂದು ಅಂಕಲ್ಲೇ ಸಮಾಧಾನ ಹೇಳಿ ಫೋನ್ ಇಟ್ಟರು. ಆವತ್ತು ಸಂಜೆ ಅವರು ತೊಳೆದ ಪಾತ್ರೆಗಳನ್ನು ಎರಡು ಸಲ ತೊಳೆದರು ಎಂದು ಆಂಟಿ ನನಗೆ ವರದಿ ಕೊಟ್ಟರು.

ಇತ್ತ ಮನೆಯಲ್ಲಿ ಬಂದೂಕಿಗೆಂದು ಗೋಡೆಗೆ ಬಿಗಿದ ಉಕ್ಕಿನ ಬೀರು ಖಾಲಿ ನಿಂತಿತ್ತು. ಗುಂಡುಗಳಿಗೆ ಬೇರೆ ಕಡೆ ಬೇರೆ ಪೆಟ್ಟಿಗೆ, ಅದಕ್ಕೆ ಬೇರೆ ಬೀಗ. ಅಂಕಲ್ ವಾರಕ್ಕೊಮ್ಮೆ ಬೀರು ತೆರೆದು, ಒಳಗೆ ಬಟ್ಟೆಯಾಡಿಸಿ, ಮತ್ತೆ ಬೀಗ ಹಾಕುತ್ತಿದ್ದರು. ಆಂಟಿ ಇದನ್ನು ಎಷ್ಟು ದಿನ ನೋಡಿಯಾರು?

"ಅಲ್ಲ ಡಾಕ್ಟ್ರೇ, ಇಷ್ಟು ಗಟ್ಟಿ ಬೀರು ಸುಮ್ನೆ ನಿಂತಿದೆ. ನನ್ನ ಒಡವೆ ಆದ್ರೂ ಇಡ್ತೀನಿ, ಒಂದು ಕೀ ಕೊಡಿ."

"ಕೊಡೋ ಹಂಗಿಲ್ಲ. ಲೈಸೆನ್ಸ್ ಇಲ್ಲದವ್ರಿಗೆ ಬೀರುವಿನ ಕೀ ಕೊಟ್ರೆ ತಪ್ಪು."

"ಅದರಲ್ಲಿ ಬಂದೂಕೇ ಇಲ್ಲವಲ್ಲ!"

"ಬರುತ್ತಲ್ಲ."

"ಓ, ಬರುತ್ತೆ" ಎಂದರು ಆಂಟಿ. ಅವರು 'ಓ' ಎಂದರೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಡುವುದು ವಾಡಿಕೆ. "ಕೀಗೆ ಲೈಸೆನ್ಸ್ ಬೇಕಾ? ಸರಿ, ಮಾಡಿಸ್ತೀನಿ."

ಮಾಡಿಸಿದರು. ತಮಾಷೆ ಎಂದುಕೊಂಡಿದ್ದೆವು. ಬಳೆ, ನೆಕ್ಲೇಸು ಇಡಲು ಜಾಗ ಬೇಕೆಂದು ಬಂದೂಕಿನ ಲೈಸೆನ್ಸ್ ಮಾಡಿಸಿಕೊಂಡ ಹೆಂಗಸು ಈ ದೇಶದಲ್ಲಿ ಇನ್ನೊಬ್ಬರಿರಲಾರರು. ಪರೀಕ್ಷೆಯಲ್ಲಿ ಅಂಕಲ್‌ಗಿಂತ ಎರಡು ಅಂಕ ಜಾಸ್ತಿ ತೆಗೆದರು. ಗುರಿ ಅಭ್ಯಾಸಕ್ಕೆ ಕಾಲಿನ್ ತನ್ನ ಕ್ಲಬ್ಬಿಗೆ ಕರೆದೊಯ್ಯುತ್ತಿದ್ದ. ಗಂಡ ಮನೆಯಲ್ಲಿ ಕೂತು ಬಂದೂಕಿನ ಜಾಹೀರಾತು ಓದುತ್ತಿದ್ದ ಶನಿವಾರಗಳಲ್ಲಿ ಇವರು ಕ್ಲಬ್ಬಿನ ಹಳೆಯ ಟ್ವೆಂಟಿ ಟೂವಿನಿಂದ ಕಾಗದಕ್ಕೆ ತೂತು ಮಾಡುತ್ತಿದ್ದರು. ಫೆಬ್ರವರಿಗೆ ಲೈಸೆನ್ಸ್ ಬಂತು, ಕೀ ಬಂತು, ಒಡವೆ ಬೀರುವಿಗೆ ಹೋಯಿತು.

ಎರಡನೆಯ ವರ್ಷದ ಅವರೆ ಅಷ್ಟರಲ್ಲಿ ಮೇಲೆದ್ದಿತ್ತು. ಇದೇ ಕೊನೆಯ ಅವಕಾಶ. ಈ ಸಲ ಎರಡು ಲೀಟರಿನ ಹಾಲಿನ ಬಾಟಲಿಗಳ ತಲೆ ಬುಡ ಕತ್ತರಿಸಿ ಗಿಡಕ್ಕೊಂದು ಕವಚ ತೊಡಿಸಿದ್ದರು. ಬಾಟಲಿ ಜಮಾಯಿಸಿದವಳು ನಾನು, ನಮ್ಮ ಥಿಯೇಟರಿನ ಚಹಾ ಕೋಣೆಯಿಂದ. ಸಹೋದ್ಯೋಗಿಗಳು ನನ್ನ ಮನೆಯಲ್ಲಿ ಎಷ್ಟು ಜನ ಮಕ್ಕಳು ಎಂದು ಕೇಳತೊಡಗಿದ್ದರು. ಕಳೆ ಕೀಳುವುದು, ಬಳ್ಳಿ ಹಬ್ಬಿಸುವುದು, ನೀರು ಹಾಯಿಸುವುದು ಎಲ್ಲ ಆಂಟಿಯೇ. ಯಾಕೆ ಆಂಟಿ, ಬೆಳೆ ಬರದಿದ್ದರೆ ನೀವು ಗೆದ್ದ ಹಾಗಲ್ಲವೇ ಎಂದು ಒಮ್ಮೆ ಕೇಳಿದೆ. "ಕೂತು ಕೂತು ಬೇಜಾರು ಕಣೇ" ಎಂದಷ್ಟೇ ಹೇಳಿ ಕಳೆ ಕೀಳುವ ಕುರ್ಚಿಗೆಯೊಂದನ್ನು ನನ್ನ ಕೈಗೂ ಕೊಟ್ಟರು.

ಏಪ್ರಿಲ್ ನಡುವಿಗೆ ಬಿಳಿ ಹೂ ಬಿಟ್ಟಿತು. ಮೊಲಗಳೂ ಬಂದವು. ದಪ್ಪಗಾದ ಬಳ್ಳಿಗಳು ಬಾಟಲಿ ಸೀಳಿಕೊಂಡಿದ್ದವು. ಬುಡಕ್ಕೆ ಒಮ್ಮೆ ಹಲ್ಲು ಹಾಕಿದರೆ ಸಾಕು, ಬೆಳಿಗ್ಗೆ ಇಡೀ ಬಳ್ಳಿ ಹೂವಿನ ಸಮೇತ ಬಾಡಿರುತ್ತಿತ್ತು. ದಿನಕ್ಕೆ ಮೂರು, ನಾಲ್ಕು. ಅಂಕಲ್ ಸಂಜೆ ಹೊತ್ತು ಜಗಲಿಯಲ್ಲಿ ದುರ್ಬೀನು ಹಿಡಿದು ಕೂತು ಮೊಲಗಳನ್ನು ಎಣಿಸುತ್ತಿದ್ದರು. ಕಾಲಿನ್ ತನ್ನ ಬಂದೂಕು ಕೊಡುತ್ತೇನೆಂದ. ಅಂಕಲ್ ಬೇಡವೆಂದರು, ಡೋಸ್ ಸರಿಯಿಲ್ಲ. ಮನೆ ಕೈತಪ್ಪಿದರೂ ಡೋಸ್ ತಪ್ಪಬಾರದು ಎನ್ನುವ ಮನುಷ್ಯನ ಹತ್ತಿರ ಏನು ಮಾತಾಡುವುದು? ನನಗೆ ಅವರ ಮೇಲೆ ನಿಜವಾಗಿ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಐನೂರು ಗುಂಡು ಹೊರಿಸಿದವಳು ನಾನೇ ತಾನೆ.

ಆ ವಾರವೇ ದಕ್ಷಿಣಕ್ಕಿರುವ ಟೌಮರುನುಯಿ ಎಂಬ ಊರಿನಿಂದ ಕರೆ ಬಂತು. ಒಂದಿದೆ, ಬಲಗೈಯದು. ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನೇ ಕಾರು ತೆಗೆದೆ. ನಾಲ್ಕು ಗಂಟೆಯ ದಾರಿ. ಅಂಕಲ್ ಮದುವೆಗೆ ಹೊರಟವರ ಹಾಗೆ ಕೋಟು ಹಾಕಿಕೊಂಡಿದ್ದರು, ತೊಡೆಯ ಮೇಲೆ ಒಂದು ಡಬ್ಬಿ ಲಡ್ಡು. ಮಾರುವವನು ಒಬ್ಬ ಸ್ಕೂಲ್ ಮೇಷ್ಟ್ರು. ಲೈಸೆನ್ಸ್ ನೋಡಿದ, ಕಾಗದಪತ್ರ ತುಂಬಿದ, ಲಡ್ಡು ತಿಂದ. ಎಲ್ಲ ಸುಸೂತ್ರ. ಹೊರಡುವಾಗ ಮಾತಿಗೆ ಕೇಳಿದ, "ಅಲ್ಲ, ಇದಕ್ಕೆ ಗುಂಡು ಎಲ್ಲಿ ಸಿಗುತ್ತದೆ ನಿಮಗೆ? ಮೂರು ವರ್ಷ ಹುಡುಕಿ ಸಾಕಾಗಿ ಮಾರುತ್ತಿದ್ದೇನೆ."

ಅಂಕಲ್ ಎದೆಯುಬ್ಬಿಸಿ, "ನನ್ನ ಹತ್ರ ಐನೂರಿದೆ" ಎಂದುಬಿಟ್ಟರು.

ಮೇಷ್ಟ್ರ ಕೈಯಲ್ಲಿದ್ದ ಲಡ್ಡು ಅಲ್ಲೇ ನಿಂತಿತು. ಅವನು ಬಂದೂಕನ್ನು ನೋಡಿದ, ಅಂಕಲ್ಲನ್ನು ನೋಡಿದ, ಮತ್ತೆ ಬಂದೂಕನ್ನು ನೋಡಿದ. "ಹಾಗಾದರೆ ಆ ಗುಂಡುಗಳನ್ನೇ ನೀವು ನನಗೆ..." ಎಂದು ಶುರು ಮಾಡುವಷ್ಟರಲ್ಲಿ ನಾನು ಅಂಕಲ್‌ರ ತೋಳು ಹಿಡಿದು ಎಳೆದುಕೊಂಡು ಬಂದು ಕಾರಿಗೆ ಕೂರಿಸಿ ಹೊರಟುಬಿಟ್ಟೆ. ಲಡ್ಡು ಡಬ್ಬಿ ಅಲ್ಲೇ ಉಳಿಯಿತು.

ದಾರಿಯುದ್ದಕ್ಕೂ ಅಂಕಲ್ ಸಣ್ಣ ಮಗುವಿನ ಹಾಗೆ ಮಾತಾಡಿದರು. ನಾಳೆ ಬೆಳಿಗ್ಗೆ ಗುರಿ ಹೊಂದಿಸುವುದು, ನಾಳೆ ಸಂಜೆ ಮೊದಲ ಮೊಲ. ಬದುಕಿನಲ್ಲಿ ಅವರನ್ನು ಅಷ್ಟು ಖುಷಿಯಾಗಿ ನಾನು ಮತ್ತೆ ನೋಡಿಲ್ಲ. ಐದೂವರೆಗೆ ಮನೆಯ ಗೇಟು ತೆಗೆಯಲು ಇಳಿದೆ. ಎಲ್ಲೋ 'ಟಪ್' ಎಂದು ಸಣ್ಣ ಸದ್ದು. ಸ್ವಲ್ಪ ಬಿಟ್ಟು ಮತ್ತೊಂದು.

ಮನೆ ಸುತ್ತಿ ಹಿಂದಕ್ಕೆ ಹೋದೆವು. ಹುಲ್ಲಿನ ಮೇಲೆ ಜಮಖಾನ ಹಾಸಿತ್ತು. ಅದರ ಮೇಲೆ ಸಲ್ವಾರ್ ಕಮೀಜ್, ಕಾಲಿಗೆ ಗಮ್‌ಬೂಟು, ಹಣೆಯ ಮೇಲೆ ಕನ್ನಡಕ ತಳ್ಳಿಕೊಂಡು ಶಮೀಮ್ ಆಂಟಿ ಬೋರಲು ಮಲಗಿದ್ದರು. ಕೈಯಲ್ಲಿ ಕಾಲಿನ್‌ನ ಬಂದೂಕು. ಪಕ್ಕದ ಮಡಚು ಕುರ್ಚಿಯಲ್ಲಿ ಕಾಲಿನ್, ಅವನ ಕೈಯಲ್ಲಿ ನಮ್ಮ ಆಂಟಿಯ ಏಲಕ್ಕಿ ಚಹಾ, ಕಾಲ ಬಳಿ ನಾಯಿ. ಎದುರಿಗೆ ಇಳಿಜಾರಿನ ಮಣ್ಣಿನ ದಿಬ್ಬ, ಗುಂಡು ಎಲ್ಲಿಗೂ ಜಾರಿ ಹೋಗುವಂತಿರಲಿಲ್ಲ. ಆಂಟಿ ತಿರುಗಿ ನೋಡದೆ ಒಂದು ಬೆರಳೆತ್ತಿ ನಮಗೆ ಸುಮ್ಮನಿರಿ ಎಂದು ಸನ್ನೆ ಮಾಡಿದರು. ಬಿಸ್ಮಿಲ್ಲಾ ಎಂದದ್ದು ಕೇಳಿಸಿತು. ಒಂದು ಕಣ್ಣು ಮುಚ್ಚಿತು. ಟಪ್.

"ಒಂಬತ್ತು" ಎಂದ ಕಾಲಿನ್.

ಅಂಕಲ್ ಕೋಟು ಹಾಕಿಕೊಂಡೇ, ಉದ್ದನೆಯ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಆಂಟಿ ಬಂದೂಕನ್ನು ಖಾಲಿ ಮಾಡಿ ಕಾಲಿನ್‌ಗೆ ಒಪ್ಪಿಸಿ, ಮಂಡಿ ಹಿಡಿದುಕೊಂಡು ಎದ್ದರು. ಅಂಕಲ್ಲೇ ಮೊದಲು ಕೇಳಿದರು. ನಾನಿದ್ದೇನೆಂದು ಅಲ್ಲ, ತಡವರಿಸಿಕೊಂಡು, ಕನ್ನಡದಲ್ಲೇ.

"ಸುಮ್ನೆ ಕೂತಿದ್ರೆ ಇನ್ನೊಂದು ವಾರಕ್ಕೆ ನೀನೇ ಗೆಲ್ತಿದ್ದೆಯಲ್ಲೇ. ನ್ಯೂ ಲಿನ್‌ಗೆ ಹೋಗ್ಬೇಕು ಅಂತಿದ್ದೆ."

"ಹೌದು, ಅಂತಿದ್ದೆ. ಐದು ತಿಂಗಳು ಮಣ್ಣು ಕೆರೆದವಳು ನಾನು. ನನ್ನ ಗಿಡಾನ ಮೊಲ ತಿಂದು ನನ್ನನ್ನ ಗೆಲ್ಲಿಸ್ಬೇಕಾ? ಅಂಥ ಗೆಲುವು ನನಗೆ ಬೇಡ." ಕಮೀಜಿಗೆ ಅಂಟಿದ ಹುಲ್ಲು ಕೊಡವಿಕೊಂಡರು. "ಕೈಕಾಲು ತೊಳ್ಕೊಳ್ಳಿ. ಚಾ ಇದೆ. ಅದೇನು ಚೀಲದಲ್ಲಿ, ಬಂತಾ ಕೊನೆಗೂ? ತೋರ್ಸಿ."

ಅಂಕಲ್ ಚೀಲ ಬಿಚ್ಚಿ ತೋರಿಸಿದರು. ಆಂಟಿ ಹಿಡಿದು ನೋಡಿ, ಚೆನ್ನಾಗಿದೆ, ಹಗುರವಾಗಿದೆ ಎಂದು ಮನಸಾರೆ ಹೊಗಳಿದರು. ಆಗ ನನಗೆ ಅಳು ಬಂತು. ಕಾಲಿನ್‌ಗೂ ಏನೋ ಅನ್ನಿಸಿರಬೇಕು, ನಾಯಿಯ ಕಿವಿ ಕೆರೆಯುತ್ತ ಕೂತ.

ಮೇ ತಿಂಗಳಲ್ಲಿ ಅಂಕಲ್ ಮೊದಲ ಬುಟ್ಟಿ ಅವರೆಕಾಯಿಯನ್ನು ಆಂಟಿಯ ಮಡಿಲಿಗೆ ಸುರಿದರು. ನಾನು ಸಾಕ್ಷಿ. ಅಂಕಲ್ ತಂದ ಆ ಬಂದೂಕಿನಿಂದ ಇವತ್ತಿನವರೆಗೆ ಒಂದೇ ಒಂದು ಮೊಲ ಸತ್ತಿಲ್ಲ, ಏಕೆಂದರೆ ಆಂಟಿ ಒಂದನ್ನೂ ಉಳಿಸುವುದಿಲ್ಲ. ಅಂಕಲ್ ವರ್ಷಕ್ಕೊಮ್ಮೆ ಬೀನ್ಸ್ ಡಬ್ಬಿಗಳಿಗೆ ಗುರಿಯಿಟ್ಟು ಹತ್ತು ಗುಂಡು ಹಾರಿಸುತ್ತಾರೆ. ಈ ಲೆಕ್ಕದಲ್ಲಿ ಐನೂರೂ ಮುಗಿಯಬೇಕಾದರೆ ಅವರು ನೂರಿಪ್ಪತ್ತರ ವಯಸ್ಸಿನ ತನಕ ಬದುಕಬೇಕಾಗುತ್ತದೆ. ಆಂಟಿಯನ್ನು ಈಗ ಸುತ್ತಲಿನ ಜಮೀನಿನವರೂ ಸಂಜೆ ಹೊತ್ತು ಕರೆಯುತ್ತಾರೆ, ಅಂಕಲ್ ಯೂಟ್ ಎನ್ನುವ ಸಣ್ಣ ಸಾಮಾನು ಗಾಡಿ ಓಡಿಸಿಕೊಂಡು ಹೋಗಿ ಬಿಟ್ಟು ಬರುತ್ತಾರೆ. ಹೀಗಿರುವಾಗ ಈ ಚಳಿಗಾಲ ಶುರುವಾದಾಗಿನಿಂದ ಅಂಕಲ್‌ಗೆ ಮೊಣಕಾಲು ನೋವು, ಕೆಸರು, ದೂರ, ನ್ಯೂ ಲಿನ್. ನೋವು ಇದ್ದೀತು, ಇಲ್ಲವೆನ್ನುವುದಿಲ್ಲ. ಆದರೆ ನಾನು ನರ್ಸ್. ಮೊಣಕಾಲಿನ ನೋವು ಎಷ್ಟು, ಯಾರಿಗೂ ಬೇಡವಾದ ನೋವು ಎಷ್ಟು ಎಂದು ತಕ್ಕಮಟ್ಟಿಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಯೋಚಿಸಿಕೊಂಡು ನಿಂತೇ ಇದ್ದೆ. ಫಿಜಿ ಅಜ್ಜಿ ತಾಳ್ಮೆ ತಪ್ಪಿ ಚೀಲ ಬಿಡಿಸಿ ಎರಡು ಕಿಲೋ ತುಂಬಿಯೇಬಿಟ್ಟರು. ಕಾರಿಗೆ ಬಂದು ಕೂರುವಷ್ಟರಲ್ಲಿ ಅಂಕಲ್ ಫೋನ್.

"ಸಿಕ್ತೇನಮ್ಮ?"

ಚೀಲ ಪಕ್ಕದ ಸೀಟಿನಲ್ಲಿತ್ತು. ಅದರ ಸೊಗಡು ಕಾರಿನ ತುಂಬ ತುಂಬಿ, ನನ್ನ ಬಾಯಲ್ಲಿ ನೀರೂರುತ್ತಿತ್ತು.

"ಬಂದಿತ್ತು ಅಂಕಲ್, ನೋಡಿದೆ. ತರಲಿಲ್ಲ. ಒಂದು ಚೂರೂ ಸೊಗಡಿಲ್ಲ. ನಮ್ಮ ಅವರೆ ತಿಂದ ಬಾಯಿಗೆ ಹುಲ್ಲು ತಿಂದ ಹಾಗಿರುತ್ತೆ."

ಆ ಕಡೆ ನಲ್ಲಿ ನೀರು ಸುರಿಯುತ್ತಲೇ ಇತ್ತು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಹೆದರಿಕೆಯಾಯಿತು. ಆಮೇಲೆ ನಲ್ಲಿ ನಿಲ್ಲಿಸಿದ ಸದ್ದು, ಬಾಗಿಲು ತೆಗೆದ ಸದ್ದು, ಗಟ್ಟಿಯಾದ ದನಿ.

"ನಂಗೊತ್ತಿತ್ತು! ಮಂಜು ಬೀಳದ ಜಾಗದಲ್ಲಿ ಬೆಳೆದಿದ್ದಕ್ಕೆ ಸೊಗಡು ಎಲ್ಲಿಂದ ಬರುತ್ತೆ? ಏ ಶಮೀಮ್, ಕೇಳಿಸ್ತಾ? ಏವನ್‌ಡೇಲ್ ಅವರೇಲಿ ಸೊಗಡೇ ಇಲ್ಲವಂತೆ!"

"ಏವನ್‌ಡೇಲ್ ಅವರೆ ನಿಮಗ್ಯಾಕೆ?" ಎಂದು ಆಂಟಿ ಹಿಂದಿನಿಂದ ಕೇಳಿದ್ದು ನನಗೂ ಕೇಳಿಸಿತು. ಅಂಕಲ್ ಫೋನ್ ಇಟ್ಟುಬಿಟ್ಟರು.

ಚೀಲವನ್ನು ಡಿಕ್ಕಿಯಲ್ಲಿ ಹಾಕಿ, ಮೇಲೆ ಎರಡು ಕೋಟು ಮುಚ್ಚಿದೆ. ಆಲ್ಬನಿ ದಾಟುವವರೆಗೂ ಆ ಚಳಿಯಲ್ಲಿ ನಾಲ್ಕೂ ಕಿಟಕಿ ಇಳಿಸಿಕೊಂಡೇ ಕಾರು ಓಡಿಸಿದೆ.